ಕುಡಿದಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ: ಇಂಟರ್‌ಲಾಕ್ ಕಾನೂನು ನಮ್ಮ ತಾಲ್ಲೂಕುಗಳಿಗೆ ಹೊಂದುತ್ತಾ?

ಡ್ರಂಕ್ ಆ್ಯಂಡ್ ಡ್ರೈವ್ ಕೇಸಲ್ಲಿ ಸಿಕ್ಕಿಬಿದ್ದವರು ಕೋರ್ಟಿಗೆ ಹೋಗಿ ದಂಡ ಕಟ್ಟಿ, ಗಾಡಿ ಬಿಡಿಸಿಕೊಂಡು ಬರುತ್ತಾರೆ. ಮರುದಿನ ಸಂಜೆ ಮತ್ತೆ ಕುಡಿದು ಅದೇ ಗಾಡಿ ಹತ್ತಿದರೆ ತಡೆಯೋರು ಯಾರು? ದಾರಿಯಲ್ಲಿ ಪೊಲೀಸರು ನಿಂತಿದ್ದರೆ ಸರಿ, ಇಲ್ಲದಿದ್ದರೆ ಯಾರೂ ಇಲ್ಲ. ಈ ಪ್ರಶ್ನೆಗೆ ಅಮೆರಿಕದ ರಾಜ್ಯಗಳು ಕಂಡುಕೊಂಡಿರುವ ಉತ್ತರ ಇಗ್ನಿಷನ್ ಇಂಟರ್‌ಲಾಕ್.

ಏನಿದು ಯಂತ್ರ?

ಸ್ಟೇರಿಂಗ್ ಪಕ್ಕ ಕೂರಿಸುವ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣ. ಊದಿದಾಗ ಉಸಿರಲ್ಲಿ ಮದ್ಯದ ಅಂಶ ಮಿತಿ ದಾಟಿದ್ದರೆ ಕಾರು ಸ್ಟಾರ್ಟ್ ಆಗಲ್ಲ. ಬೇರೆಯವರ ಕೈಲಿ ಊದಿಸಿ ಹೊರಟರೆ? ಅದಕ್ಕೇ ದಾರಿ ಮಧ್ಯದಲ್ಲೂ ಆಗಾಗ ಊದಬೇಕು. ಆಗ ಫೇಲ್ ಆದರೆ ಎಂಜಿನ್ ಒಮ್ಮೆಲೇ ನಿಲ್ಲುವುದಿಲ್ಲ, ಆದರೆ ಎಲ್ಲವೂ ದಾಖಲಾಗುತ್ತದೆ. ಖರ್ಚು ಸಾಮಾನ್ಯವಾಗಿ ಸಿಕ್ಕಿಬಿದ್ದವರದ್ದೇ.

ಮೊದಲ ಸಲ ಸಿಕ್ಕಿಬಿದ್ದವರೂ ಸೇರಿ ಎಲ್ಲ ಅಪರಾಧಿಗಳಿಗೂ ಇದನ್ನು ಕಡ್ಡಾಯ ಮಾಡಿದ ಮೊದಲ ರಾಜ್ಯ ನ್ಯೂ ಮೆಕ್ಸಿಕೊ, 2005ರಲ್ಲಿ. ಯಂತ್ರ ಇರುವಷ್ಟು ದಿನ ಮತ್ತೆ ಸಿಕ್ಕಿಬೀಳುವ ಪ್ರಮಾಣ ಸುಮಾರು ಮೂರನೇ ಎರಡು ಭಾಗ ಕಡಿಮೆ ಅಂತ ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಆದರೆ ಯಂತ್ರ ಕಳಚಿದ ಮೇಲೆ ಆ ಲಾಭ ಹೆಚ್ಚು ಕಾಲ ಉಳಿಯಲ್ಲ. ಅಂದರೆ ಯಂತ್ರ ಗಾಡಿಯನ್ನು ತಡೆಯುತ್ತೆ, ಚಟವನ್ನು ಬಿಡಿಸಲ್ಲ.

ನಮ್ಮ ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯದ ಅಂಶ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂ. ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ 15,000 ರೂ. ದಂಡ ಅಥವಾ 2 ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಇಂಟರ್‌ಲಾಕ್ ಮಾತು ಈ ಕಲಮಿನಲ್ಲಿ ಇಲ್ಲ.

ಹಾಗಾದ್ರೆ ತಂದುಬಿಟ್ಟರೆ ಆಯ್ತಲ್ಲ ಅನ್ನೋದು ಅಷ್ಟು ಸಲೀಸಲ್ಲ. ಮೊದಲನೇ ತೊಡಕು ಬೈಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ. 44ಕ್ಕೂ ಹೆಚ್ಚು ದ್ವಿಚಕ್ರ ಸವಾರರು. ಕಿಕ್ ಹೊಡೆದರೆ, ತಳ್ಳಿದರೆ ಸ್ಟಾರ್ಟ್ ಆಗುವ ಗಾಡಿಗೆ ಕಾರಿನ ಯಂತ್ರ ಹೊಂದಿಸುವುದು ಕಷ್ಟ. ಎರಡನೆಯದು, ತನ್ನ ಗಾಡಿಗೆ ಬೀಗ ಬಿದ್ದರೆ ತಮ್ಮನ ಗಾಡಿ ಇದ್ದೇ ಇರುತ್ತೆ. ಮೂರನೆಯದು, ಯಂತ್ರವನ್ನು ಆಗಾಗ ಸೆಂಟರ್‌ಗೆ ಒಯ್ದು ಪರೀಕ್ಷೆ ಮಾಡಿಸಬೇಕು. ಆರ್‌ಟಿಒ ಕೆಲಸಕ್ಕೇ ದೂರದ ಊರಿಗೆ ಹೋಗುವ ತಾಲ್ಲೂಕುಗಳಲ್ಲಿ ಅಂಥ ಸೆಂಟರ್ ಎಲ್ಲಿ ತೆರೀತಾರೆ?

ಎಲ್ಲಿಂದ ಶುರು ಮಾಡಬಹುದು?

ಫ್ರಾನ್ಸ್ ದಾರಿ ಗಮನಿಸಬೇಕು. ಅಲ್ಲಿ ಸಿಕ್ಕಿಬೀಳಲಿ ಅಂತ ಕಾಯದೆ 2010ರಿಂದ ಮಕ್ಕಳನ್ನು ಸಾಗಿಸುವ ಹೊಸ ಬಸ್‌ಗಳಿಗೆ, 2015ರಿಂದ ಎಲ್ಲ ಪ್ರಯಾಣಿಕ ಕೋಚ್‌ಗಳಿಗೆ ಇದನ್ನು ಕಡ್ಡಾಯ ಮಾಡಿದರು. ನಮ್ಮಲ್ಲೂ ಸ್ಕೂಲ್ ಬಸ್, ಖಾಸಗಿ ಬಸ್, ಲಾರಿಗಳಿಂದ ಆರಂಭಿಸಿದರೆ ಲೆಕ್ಕ ಇಡುವುದು ಸುಲಭ. ಇವುಗಳಿಗೆ ಹೇಗೂ ಎಫ್‌ಸಿ ಪರೀಕ್ಷೆ ಇದೆ, ಯಂತ್ರದ ತಪಾಸಣೆಯನ್ನೂ ಅದರ ಜೊತೆಗೇ ಸೇರಿಸಬಹುದು.

ಅಲ್ಲಿಯವರೆಗೆ ಕೈಯಲ್ಲಿರುವ ಅಸ್ತ್ರ ಲೈಸೆನ್ಸ್. ಕುಡಿದು ಓಡಿಸಿದವರ ಡಿಎಲ್ ಅನ್ನು ಕನಿಷ್ಠ 3 ತಿಂಗಳು ಅಮಾನತು ಮಾಡಬೇಕು ಅಂತ ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ದಂಡ ಕಟ್ಟಿದ ಕೂಡಲೇ ಕೇಸ್ ಮುಗೀತು ಅನ್ನುವ ಭಾವನೆ ಹೋಗಬೇಕಾದರೆ ಈ ಅಮಾನತು ತಪ್ಪದೆ ಜಾರಿಯಾಗಬೇಕು.

ಗೂಡ್ಸ್ ಆಟೊ, ಟೆಂಪೊ ಇಟ್ಟುಕೊಂಡ ಅಂಗಡಿ ಮಾಲೀಕರು ಇನ್ನೊಂದು ವಿಷಯ ತಿಳಿದಿರಬೇಕು. ಡ್ರೈವರ್ ಕುಡಿದಿದ್ದಾನೆ ಅಂತ ಗೊತ್ತಿದ್ದೂ ‘ಇದೊಂದು ಲೋಡ್ ಹಾಕಿ ಬಾರಪ್ಪ’ ಅಂತ ಕಳಿಸಿದರೆ, 188ನೇ ಕಲಮಿನಡಿ ಪ್ರಚೋದನೆ ಕೊಟ್ಟವರಿಗೂ ಅದೇ ಶಿಕ್ಷೆ. ಅಪಘಾತವಾದರೆ ಗಾಡಿ ರಿಪೇರಿಗೆ ಇನ್ಶೂರೆನ್ಸ್ ಹಣವೂ ಕೈತಪ್ಪಬಹುದು. ಯಂತ್ರ ಬರೋದು ತಡವಾಗಬಹುದು. ಕೀ ಕೊಡುವ ಮುಂಚೆ ಡ್ರೈವರ್ ಮುಖ ನೋಡಿ ಎರಡು ಮಾತಾಡಿಸೋದಕ್ಕೆ ಯಾವ ಕಾನೂನೂ ಬೇಕಿಲ್ಲ.