ಅಂಚೆವೆಚ್ಚವನ್ನು ಅಂದಾಜಿಗೆ ಬಿಡಬೇಡಿ

ಹಲಸಿನ ಹಪ್ಪಳ, ಮಾಂಬಳ, ಸೋಂಟೆಗಳನ್ನು ನಮ್ಮ ಕಾಸರಗೋಡಿನ ಕೃಷಿಕರ ಮನೆಗಳವರು ಈಗ ಮೊಬೈಲಿನ ಮೂಲಕವೇ ದೂರದೂರುಗಳಿಗೆ ಮಾರತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಸರಕಿನ ಬೆಲೆಯನ್ನು ಪೈಸೆ ಬಿಡದೆ ಲೆಕ್ಕ ಹಾಕುವ ನಾವು ಅಂಚೆವೆಚ್ಚವನ್ನು ಮಾತ್ರ ಅಂದಾಜಿಗೆ ಬಿಡುತ್ತಿದ್ದೇವೆ. ದುಡಿಮೆಯ ಲಾಭ ಸೋರಿಹೋಗುತ್ತಿರುವುದು ಇಲ್ಲಿಯೇ.

ಅಂಚೆ ಕಚೇರಿಯ ತಕ್ಕಡಿಯ ಮೇಲೆ ಪೆಟ್ಟಿಗೆ, ಕಾಗದ, ಅಂಟುಪಟ್ಟಿ ಎಲ್ಲವೂ ತೂಗುತ್ತವೆ. ಸ್ಪೀಡ್ ಪೋಸ್ಟಿನಲ್ಲಿ 500 ಗ್ರಾಂ ದಾಟಿದ ಮೇಲೆ ದರವು ಅರ್ಧ ಕಿಲೋಗೊಂದರಂತೆ ಏರುತ್ತದೆ. 500 ಗ್ರಾಂ ಹಪ್ಪಳಕ್ಕೆ 100 ಗ್ರಾಮಿನ ಪೆಟ್ಟಿಗೆ ಸೇರಿದರೆ ಒಂದು ಕಿಲೋದ ಹಣ ತೆರಬೇಕು. ಅದೇ ಹಣಕ್ಕೆ 850 ಗ್ರಾಂ ಹಪ್ಪಳವೂ ಹೋಗುತ್ತದೆ. ಆದುದರಿಂದ 400 ಅಥವಾ 850 ಗ್ರಾಮಿನ ಪೊಟ್ಟಣ ಕಟ್ಟುವುದೇ ಜಾಣತನ. ಖಾಸಗಿ ಕೊರಿಯರಿನವರು ಗಾತ್ರವನ್ನೂ ನೋಡುತ್ತಾರೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಹೀಗೆ 30, 25, 20ರ ಪೆಟ್ಟಿಗೆಯೊಳಗೆ ಒಂದೇ ಕಿಲೋ ಸೋಂಟೆ ಇದ್ದರೂ ಲೆಕ್ಕಕ್ಕೆ ಬರುವುದು 3 ಕಿಲೋ.

ಇನ್ನು ದೂರದ ಮಾತು. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಆದರೆ ಅಂಚೆಯ ದರಪಟ್ಟಿಗೆ ರಾಜ್ಯದ ಗಡಿ ಇಲ್ಲ. ಅದು ಕಿಲೋಮೀಟರನ್ನು ಮಾತ್ರ ಬಲ್ಲುದು. ಸುಮಾರು 50 ಕಿಲೋಮೀಟರಿನ ಮಂಗಳೂರಿಗೆ ತಗಲುವ ವೆಚ್ಚ, 500 ಕಿಲೋಮೀಟರಿಗೂ ಮಿಕ್ಕಿದ ತಿರುವನಂತಪುರಕ್ಕಿಂತ ಕಡಿಮೆ. ನಮ್ಮ ಮಾತನ್ನೂ ರುಚಿಯನ್ನೂ ಬಲ್ಲ ಗಿರಾಕಿಗಳು ಹತ್ತಿರದಲ್ಲಿಯೇ ಇರುವುದು ನಮ್ಮ ಭಾಗ್ಯ.

"ಅಂಚೆವೆಚ್ಚ ಬೇರೆ ಎಂದರೆ ಗಿರಾಕಿ ಓಡುತ್ತಾನೆ, ಸಾಗಣೆ ಉಚಿತವೆಂದು ಬರೆಯುವುದೇ ಮೇಲು" ಎಂದು ಕೆಲವರು ವಾದಿಸುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಉಚಿತವೆಂದು ಬರೆದು ಬೆಲೆಯಲ್ಲಿ ಸೇರಿಸಿದರೆ, ದೆಹಲಿಯವರ ಅಂಚೆವೆಚ್ಚವನ್ನು ಮಂಗಳೂರಿನವರು ತೆತ್ತಂತಾಯಿತು. ಸೇರಿಸದಿದ್ದರೆ, ಬಿಸಿಲಿನಲ್ಲಿ ಕೂತು ಹಪ್ಪಳ ಒಣಗಿಸಿದ ಮನೆಯಾಕೆ ತನ್ನ ಕೂಲಿಯಿಂದ ತೆತ್ತಂತಾಯಿತು. ಎರಡೂ ನ್ಯಾಯವಲ್ಲ.

ಬೆಲೆ ಬೇರೆ, ಅಂಚೆವೆಚ್ಚ ಬೇರೆ ಎಂದು ಮೊದಲೇ ತಿಳಿಸಿರಿ. ಪಿನ್‌ಕೋಡ್ ಕೇಳಿ, ಕಟ್ಟಿದ ಪೆಟ್ಟಿಗೆಯನ್ನು ತೂಗಿ, ತಗಲುವಷ್ಟನ್ನೇ ಹೇಳಿರಿ. ಅದರಲ್ಲಿ ಲಾಭ ಮಾಡಲು ಹೋಗಬೇಡಿ. ಎರಡು ಪೊಟ್ಟಣ ಒಂದೇ ಪೆಟ್ಟಿಗೆಯಲ್ಲಿ ಹೋದಾಗ ಉಳಿಯುವ ಹಣವನ್ನು ಗಿರಾಕಿಗೇ ಬಿಟ್ಟುಕೊಡಿ. ಮುಂದಿನ ಸಲ ಆತ ಮೂರು ಕೇಳುತ್ತಾನೆ. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ದರ ಬದಲಾಗಿದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿಯೂ ಇದೆ. ಹಳೆಯ ರಶೀದಿ ನೋಡಿ ದರ ಹೇಳಿದವರು ಕೈ ಸುಟ್ಟುಕೊಳ್ಳುತ್ತಾರೆ.

ತಕ್ಕಡಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಮರದ ಹಲಸು ಹಣವಾಗಬೇಕಾದರೆ ಲೆಕ್ಕ ನೇರವಾಗಿರಬೇಕು.