ಬೆಕ್ಕನ್ನೂ ದನದ ದವಾಖಾನೆಗೆ ಒಯ್ಯಿರಿ

ಸುಗ್ಗಿ ಮುಗಿದು ಕಾಳು ಮನೆ ಸೇರಿದೊಡನೆ ಇಲಿಗಳೂ ಮನೆ ಸೇರುತ್ತವೆ. ಹಾನಗಲ್ಲಿನ ಭತ್ತವಿರಲಿ, ಹಿರೇಕೆರೂರಿನ ಗೋವಿನಜೋಳವಿರಲಿ, ಶಿಗ್ಗಾಂವಿ, ಸವಣೂರು ಕಡೆಯ ಶೇಂಗಾ ಇರಲಿ, ಚೀಲಗಳಿಗೆ ಕಾವಲು ಮನೆಯ ಬೆಕ್ಕೇ. ಆದರೆ ಎತ್ತು, ಎಮ್ಮೆಗಳಿಗೆ ಕಾಲುಬಾಯಿ ಬೇನೆಯ ಲಸಿಕೆಯನ್ನು ತಪ್ಪದೆ ಹಾಕಿಸುವ ಅನೇಕ ಮನೆಗಳಲ್ಲಿ ಬೆಕ್ಕಿಗೂ ಲಸಿಕೆ ಇದೆ ಎಂಬ ವಿಚಾರವೇ ಹೊಳೆಯುವುದಿಲ್ಲ. ಬಂಕಾಪುರದ ಕೋಟೆಯಲ್ಲಿ ಖಿಲಾರಿ ದನಗಳ ಸಂವರ್ಧನೆಗೆಂದೇ ಸರ್ಕಾರಿ ಕೇಂದ್ರವಿದೆ. ದನದ ಮೇಲಿನ ಈ ಕಾಳಜಿ ಸರಿಯೇ. ಅದರಲ್ಲೊಂದು ಪಾಲು ಬೆಕ್ಕಿಗೂ ಸಲ್ಲಬೇಕು. ಇದು ಬೆಕ್ಕಿನ ಹಿತಕ್ಕಷ್ಟೇ ಅಲ್ಲ, ನಮ್ಮ ಮಕ್ಕಳ ಹಿತಕ್ಕೂ ಹೌದು.

ರೇಬೀಸ್ ಎಂದರೆ ಹುಚ್ಚುನಾಯಿಯ ರೋಗವೆಂದೇ ನಮ್ಮ ತಿಳಿವಳಿಕೆ. ನಾಯಿಯಿಂದ ಬರುವುದೇ ಹೆಚ್ಚು, ನಿಜ. ಆದರೆ ರೋಗ ತಗಲಿದ ನಾಯಿ ಕಚ್ಚಿದರೆ ಬೆಕ್ಕಿಗೂ ರೇಬೀಸ್ ಬರುತ್ತದೆ. ಅದೇ ಬೆಕ್ಕು ರಾತ್ರಿ ಮಕ್ಕಳ ಕೌದಿಯೊಳಗೆ ಮಲಗುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಅರಿಷಿಣ, ಸುಣ್ಣ, ಖಾರದ ಪುಡಿ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಪೂರೈಸಿ. ‘ಮನೆಯ ಬೆಕ್ಕೇ ಅಲ್ಲವೇ’ ಎಂಬ ಸಲಿಗೆ ಇಲ್ಲಿ ಸಲ್ಲದು.

ಬೆಕ್ಕಿನ ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ಅವಧಿಗೆ ಮತ್ತೆ ಹಾಕಿಸಬೇಕು. ವಾಂತಿ, ಭೇದಿಯಿಂದ ಮರಿಗಳನ್ನು ಎರಡು ಮೂರು ದಿನಗಳಲ್ಲಿ ಬಲಿ ತೆಗೆದುಕೊಳ್ಳಬಲ್ಲ ಪ್ಯಾನ್‌ಲ್ಯುಕೋಪೇನಿಯ ಎಂಬ ಸೋಂಕಿಗೂ ಲಸಿಕೆಯಿದೆ. ಅದನ್ನು ಎಂಟು ವಾರದಿಂದಲೇ ಆರಂಭಿಸಬಹುದು. ಜಂತಿನ ಔಷಧವನ್ನೂ ಆಗಲೇ ಕೇಳಿ ಪಡೆಯಿರಿ.

ಇನ್ನು ಆಹಾರದ ಮಾತು. ಹಾಲು, ರೊಟ್ಟಿ, ಅನ್ನ ಹಾಕಿದರೆ ಬೆಕ್ಕಿಗೆ ಸಾಕೆಂದು ಸಸ್ಯಾಹಾರಿ ಮನೆಗಳಲ್ಲಿ ಭಾವಿಸುವುದುಂಟು. ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಕೆಡುತ್ತವೆ. ಇಲಿ ಹಿಡಿದು ಅದು ಈ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹೊರಗೆ ಬಿಡದೆ ಸಾಕುವವರು ಬೆಕ್ಕಿನ ಆಹಾರವನ್ನು ಅಂಗಡಿಯಿಂದಾದರೂ ತಂದುಕೊಡಬೇಕು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಶುದ್ಧ ನೀರು ಮಾತ್ರ ಸದಾ ಇರಲಿ.

ಒಂದೇ ಮನೆಯಲ್ಲಿ ಬೆಕ್ಕನ್ನೂ ಸಾಕಿ, ಇಲಿ ಪಾಷಾಣವನ್ನೂ ಇಡುವುದು ದೊಡ್ಡ ತಪ್ಪು. ಪಾಷಾಣ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಆ ವಿಷ ಬೆಕ್ಕನ್ನೂ ಕೊಲ್ಲಬಲ್ಲದು. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷವೇ. ಅರ್ಧ ಮಾತ್ರೆಯನ್ನೂ ಕೊಡಬಾರದು. ನಾಯಿಗೆ ಹಚ್ಚುವ ಉಣ್ಣೆಯ ಔಷಧವನ್ನು ವೈದ್ಯರನ್ನು ಕೇಳದೆ ಬೆಕ್ಕಿಗೆ ಹಚ್ಚಬೇಡಿ. ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿ ಹನಿಯೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಮರಿಗಳು ಹೆಚ್ಚಾದಾಗ ಚೀಲಕ್ಕೆ ತುಂಬಿ ಸಂತೆಯಲ್ಲೋ ಹೊಳೆಯ ದಂಡೆಯಲ್ಲೋ ಬಿಟ್ಟು ಬರುವ ರೂಢಿ ನಮ್ಮಲ್ಲಿದೆ. ಬೆಕ್ಕು ಸುಮಾರು ಎರಡು ತಿಂಗಳಿಗೆ ಈಯುತ್ತದೆ. ವರ್ಷಕ್ಕೆ ಎರಡು ಮೂರು ಸೂಲು ಹೊಸತೇನಲ್ಲ. ಐದಾರು ತಿಂಗಳ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಪಾಪ ತಪ್ಪುತ್ತದೆ. ‘ಹಾಗೆ ಮಾಡಿಸಿದ ಬೆಕ್ಕು ಇಲಿ ಹಿಡಿಯುವುದಿಲ್ಲ’ ಎಂಬುದು ಬರೀ ಅಂಜಿಕೆ.

ಬೆಕ್ಕನ್ನು ಒಯ್ಯುವುದು ಹೇಗೆ ಎಂದು ಕೇಳಬಹುದು. ಮುಚ್ಚಳವಿರುವ ಬಿದಿರಿನ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಕೂರಿಸಿ, ಮೇಲೆ ಬಟ್ಟೆ ಹೊದಿಸಿದರೆ ಕತ್ತಲಲ್ಲಿ ಅದು ಶಾಂತವಾಗಿರುತ್ತದೆ. ಪಶು ವೈದ್ಯರ ಮುಂದೆ ಬೆಕ್ಕು ಹಿಡಿದು ನಿಲ್ಲುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪಶುಪಾಲನಾ ಇಲಾಖೆಗೂ ಒಂದು ವಿನಂತಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅಂದಿನ ಲಸಿಕಾ ಶಿಬಿರಗಳಿಗೆ ಡಂಗುರ ಸಾರುವಾಗ ‘ನಾಯಿ’ ಎಂಬ ಮಾತಿನ ಜೊತೆ ‘ಬೆಕ್ಕು’ ಎಂಬ ಮಾತನ್ನೂ ಸೇರಿಸಲಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇಲಿಗಳದು. ಬೆಕ್ಕಿಗೆ ಲಸಿಕೆ ಹಾಕಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ನಮ್ಮದು. ಅದಕ್ಕೆ ಉತ್ತರ ನಮ್ಮ ಮನೆಯಿಂದಲೇ ಬರಬೇಕು.