ಕಹಳೆಗೆ ಮಾತು ಸಲ್ಲದೆ?

‘ಸಂಗೀತಗಾರನು ವಾದ್ಯವನ್ನು ನುಡಿಸಲಿ, ರಾಜ್ಯದ ವ್ಯವಹಾರವು ಅವನಿಗೇತಕ್ಕೆ?’ ಎಂಬ ವಾದವು ರಸಿಕರೆನಿಸಿಕೊಂಡವರ ಗೋಷ್ಠಿಗಳಲ್ಲಿ ಆಗಾಗ ತಲೆಯೆತ್ತುವುದುಂಟು. ಕೇಳುವುದಕ್ಕೆ ಇದು ಬಹು ಸಭ್ಯವಾದ ಮಾತು. ಕಲೆಯ ಶುದ್ಧಿಯನ್ನು ಕಾಪಾಡುವ ಕಳಕಳಿಯಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದು ಕಲೆಯ ಪಕ್ಷದ್ದಲ್ಲ, ಕೇಳುವವನ ಸುಖನಿದ್ರೆಯ ಪಕ್ಷದ್ದು. ಅಮೆರಿಕಾ ದೇಶದ ಜಾಸ್ ಸಂಗೀತದಲ್ಲಿ ಟ್ರಂಪೆಟ್ ಎಂಬ ಕಹಳೆಯನ್ನೂದುತ್ತಿದ್ದ ಜೇಮೀ ಬ್ರಾಂಚ್ ಎಂಬಾಕೆಯ ಒಂದು ಕಛೇರಿಯ ಮುದ್ರಿಕೆಯು ಈ ವಾದವನ್ನು ಪರೀಕ್ಷಿಸುವುದಕ್ಕೆ ತಕ್ಕ ಒರೆಗಲ್ಲಾಗಿದೆ.

ಈಕೆ ಹುಟ್ಟಿದುದು 1983ರಲ್ಲಿ. ತೀರಿಕೊಂಡುದು 2022ರ ಆಗಸ್ಟ್ 22ರಂದು, ತನ್ನ 39ನೆಯ ವಯಸ್ಸಿನಲ್ಲಿ. 2020ರ ಜನವರಿ 23ರಂದು ಸ್ವಿಟ್ಜರ್‌ಲೆಂಡಿನ ಜೂರಿಚ್ ನಗರದಲ್ಲಿ, ಮೂಡ್ಸ್ ಎಂಬ ಕಛೇರಿಮಂದಿರದಲ್ಲಿ, ತನ್ನ ಮೂವರು ಸಂಗಡಿಗರೊಡನೆ ಈಕೆ ನುಡಿಸಿದಳು. ಚೆಲ್ಲೋ ವಾದ್ಯಕ್ಕೆ ಲೆಸ್ಟರ್ ಸೇಂಟ್ ಲೂಯಿಸ್, ಮಂದ್ರದ ಬೇಸ್ ವಾದ್ಯಕ್ಕೆ ಜೇಸನ್ ಅಜೆಮಿಯನ್, ತಾಳವಾದ್ಯಗಳಿಗೆ ಚಾಡ್ ಟೇಲರ್. ಕೆಲವೇ ವಾರಗಳಲ್ಲಿ ಮಹಾಮಾರಿಯು ಜಗತ್ತಿನ ಸಭಾಮಂದಿರಗಳನ್ನು ಮುಚ್ಚಿಸಿತು. ಮರುವರ್ಷ, 2021ರಲ್ಲಿ, ಆ ರಾತ್ರಿಯ ವಾದನವು ‘ಫ್ಲೈ ಆರ್ ಡೈ ಲೈವ್’ ಎಂಬ ಹೆಸರಿನಿಂದ ಹೊರಬಂದಿತು. ‘ಹಾರು, ಇಲ್ಲವೆ ಅಳಿ’ ಎಂದು ಆ ಹೆಸರಿನ ತಾತ್ಪರ್ಯ.

ಈ ಕಛೇರಿಯ ಆರಂಭದಲ್ಲಿಯೇ ಈಕೆ ಕಹಳೆಯನ್ನು ಇಳಿಸಿ ಬಾಯಿ ತೆರೆಯುತ್ತಾಳೆ. ಆ ಕೃತಿಗೆ ‘ಅಮೆರಿಕಾಕ್ಕಾಗಿ ಪ್ರಾರ್ಥನೆ’ ಎಂದು ಹೆಸರು. ದೇಶದ ಹೆಸರನ್ನು ಬರೆಯುವಾಗ ಮೂರು ಕಕಾರಗಳನ್ನು ಸಾಲಾಗಿ ನಿಲ್ಲಿಸಿ, ಕಪ್ಪು ಜನರನ್ನು ಹಿಂಸಿಸಿದ ಕು ಕ್ಲಕ್ಸ್ ಕ್ಲಾನ್ ಎಂಬ ಕೂಟವನ್ನು ಸೂಚಿಸಿದ್ದಾಳೆ. ನಿಧಾನವಾದ ನಡೆಯ ಮೇಲೆ ವರ್ಣದ್ವೇಷಿಗಳನ್ನು ಮುಖಾಮುಖಿಯಾಗಿ ನಿಂದಿಸುತ್ತಾಳೆ. ಮಧ್ಯ ಅಮೆರಿಕಾದಿಂದ ಓಡಿಬಂದು ಗಡಿಯಲ್ಲಿ ಸೆರೆಯಾದ ತರುಣಿಯೊಬ್ಬಳ ಕಥೆಯನ್ನು ಹೇಳುತ್ತಾಳೆ.

ಇಲ್ಲಿ ಮೊದಲನೆಯ ಆಕ್ಷೇಪ: ಇದು ಸಂಗೀತಕ್ಕೆ ಹೊರಗಿನದು. ಈ ಆಕ್ಷೇಪವನ್ನು ಮಾಡುವವರು ಜಾಸ್ ಎಂಬುದರ ಚರಿತ್ರೆಯನ್ನು ಓದಿದವರಲ್ಲ. 1939ರಲ್ಲಿ ಬಿಲ್ಲಿ ಹಾಲಿಡೇ ಎಂಬ ಗಾಯಕಿ ಮರಕ್ಕೆ ನೇತುಹಾಕಲ್ಪಟ್ಟ ಕಪ್ಪು ಜನರ ಹೆಣಗಳನ್ನು ಕುರಿತು ಹಾಡಿದಳು. ಚಾರ್ಲ್ಸ್ ಮಿಂಗಸನು ವರ್ಣಭೇದವಾದಿಯಾದ ಗವರ್ನರನೊಬ್ಬನನ್ನು ಹಳಿಯುವ ಕೃತಿಯನ್ನು 1959ರಲ್ಲಿ ಮಾತಿಲ್ಲದೆಯೂ 1960ರಲ್ಲಿ ಮಾತಿನೊಡನೆಯೂ ಮುದ್ರಿಸಿದನು. ಮಾತಿಲ್ಲದಲ್ಲಿ ಕೋಪವು ಕಡಮೆಯಾಗಲಿಲ್ಲ. ಮಾತು ಕೂಡಿದಲ್ಲಿ ಸಂಗೀತವು ಕೆಡಲಿಲ್ಲ.

ಎರಡನೆಯದು: ಪರದೇಶದಲ್ಲಿ ನಿಂತು ಸ್ವದೇಶವನ್ನು ದೂಷಿಸಬಹುದೆ? ಇದಕ್ಕೆ ಉತ್ತರವನ್ನು ಅದೇ ವಾದ್ಯದ ಮಹಾಪುರುಷನಾದ ಲೂಯಿ ಆರ್ಮ್‌ಸ್ಟ್ರಾಂಗನು ಎಂದೋ ಕೊಟ್ಟಿದ್ದಾನೆ. 1957ರಲ್ಲಿ ಲಿಟಲ್ ರಾಕ್ ನಗರದ ಶಾಲೆಯೊಂದರ ಬಾಗಿಲಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ತಡೆದಾಗ, ಅವನು ಸರಕಾರದ ಪರವಾಗಿ ಸೋವಿಯೆಟ್ ದೇಶಕ್ಕೆ ಹೊರಡಬೇಕಾಗಿದ್ದ ಸಂಚಾರವನ್ನು ಕೈಬಿಟ್ಟು, ರಾಷ್ಟ್ರಾಧ್ಯಕ್ಷನನ್ನೇ ಬಹಿರಂಗವಾಗಿ ಆಕ್ಷೇಪಿಸಿದನು. ಕಲಾವಿದನು ಅರಸನ ವಂದಿಮಾಗಧನಲ್ಲ. ಅದೂ ಅಲ್ಲದೆ, ಈಕೆ ತನ್ನ ಕೃತಿಗೆ ‘ಪ್ರಾರ್ಥನೆ’ ಎಂದು ಹೆಸರಿಟ್ಟಿದ್ದಾಳೆ. ಶತ್ರುವಿನ ಹಿತಕ್ಕಾಗಿ ಯಾರು ತಾನೆ ಪ್ರಾರ್ಥಿಸುವರು?

ಮೂರನೆಯದು: ಆಕೆಯ ನುಡಿ ಗ್ರಾಮ್ಯ, ಬೈಗುಳಗಳಿಂದ ಕೂಡಿದ್ದು. ಅಹುದು. ಗ್ರಾಮ್ಯತೆಯು ದೋಷವೆಂದು ಆಲಂಕಾರಿಕರು ಹೇಳಿರುವರು. ಆದರೆ ಹೇಳುವವರ ಮತ್ತು ಸಂದರ್ಭದ ಔಚಿತ್ಯದಿಂದ ದೋಷವೂ ಗುಣವಾಗುವುದೆಂದು ಮಮ್ಮಟನೇ ಹೇಳಿರುವನಷ್ಟೆ. ಭರತನು ಕ್ರೋಧವನ್ನು ಸ್ಥಾಯಿಭಾವಗಳಲ್ಲಿ ಎಣಿಸಿ, ರೌದ್ರಕ್ಕೆ ರಸಗಳ ಪಂಕ್ತಿಯಲ್ಲಿ ಆಸನವನ್ನು ಕೊಟ್ಟಿದ್ದಾನೆ. ಸೆರೆಯಲ್ಲಿರುವ ಹುಡುಗಿಯ ಕಥೆಯನ್ನು ಮೃದುಪದಗಳಿಂದ ಸವರಿ ಹೇಳುವುದೇ ನಿಜವಾದ ಅನೌಚಿತ್ಯ.

ಆದರೆ ಪ್ರತಿಪಕ್ಷದಲ್ಲಿ ಸತ್ಯದ ಅಂಶವೊಂದಿದೆ, ಅದನ್ನು ಮರೆಮಾಡಲಾಗದು. ಕೂಗೆಲ್ಲವೂ ಕಲೆಯಲ್ಲ. ಕೋಪಗೊಂಡ ಮಾತ್ರಕ್ಕೆ ಕವಿಯಾಗುವುದಾದರೆ ಸಂತೆಯ ಜಗಳಗಂಟಿಯೂ ಮಹಾಕವಿಯೇ. ಈ ಮುದ್ರಿಕೆಯು ಆ ಪರೀಕ್ಷೆಯಲ್ಲಿಯೂ ಗೆದ್ದಿದೆ. ಇದರಲ್ಲಿ 19 ಖಂಡಗಳಿವೆ. ಅವುಗಳಲ್ಲಿ ಬಹುಪಾಲಿಗೆ ಮಾತೇ ಇಲ್ಲ. ಮಾತು ನಿಂತೆಡೆಯಲ್ಲಿ ಕಹಳೆಯು ಆ ಅಳಲನ್ನು ಎತ್ತಿಕೊಳ್ಳುತ್ತದೆ. ಚೆಲ್ಲೋ ಅದಕ್ಕೆ ಶೋಕದ ನೆರಳನ್ನು ಕೊಡುತ್ತದೆ. ಮದ್ದಳೆಗಳು ಕುಳಿತವರ ಕಾಲನ್ನು ಕುಣಿಸುತ್ತವೆ. ದುಃಖವೂ ನರ್ತನವೂ ಒಂದರೊಳಗೊಂದು ಹೆಣೆದುಕೊಂಡು ಖಂಡದಿಂದ ಖಂಡಕ್ಕೆ ಹರಿಯುತ್ತವೆ. ಸಭೆಯ ಮುಂದೆ ನಡೆದ ಕಛೇರಿಯಾದುದರಿಂದ ಇದಕ್ಕೆ ಮತ್ತೊಂದು ಬೆಲೆಯುಂಟು. ಏಕಾಂತದಲ್ಲಿ ಧೈರ್ಯವನ್ನು ಅಭಿನಯಿಸುವುದು ಸುಲಭ. ಮುಖಗಳನ್ನು ನೋಡುತ್ತ ನುಡಿದುದಕ್ಕೆ ಆ ಕ್ಷಣದಲ್ಲಿಯೇ ಹೊಣೆಯಾಗಬೇಕು.

‘ನುಡಿಸು, ನುಡಿಯಬೇಡ’ ಎನ್ನುವವರು ಒಂದು ಸಂಗತಿಯನ್ನು ಯೋಚಿಸಲಿ. ಗಡಿಯ ಬೇಲಿಯ ಹಿಂದಿದ್ದ ಹುಡುಗಿಗೆ ಸಭೆಯಿರಲಿಲ್ಲ, ವೇದಿಕೆಯಿರಲಿಲ್ಲ, ಕಹಳೆಯುಳ್ಳವಳು ಒಬ್ಬಳಿದ್ದಳು. ಆಕೆಯೂ ಮೌನವಾಗಿದ್ದರೆ ಸಂಗೀತವು ಶುದ್ಧವಾಗಿ ಉಳಿಯುತ್ತಿರಲಿಲ್ಲ, ಬರಿದಾಗಿ ಉಳಿಯುತ್ತಿತ್ತು. ಕಹಳೆಯು ಹುಟ್ಟಿದುದೇ ಮಲಗಿದವರನ್ನು ಎಬ್ಬಿಸುವುದಕ್ಕೆ. ಎಚ್ಚರಗೊಳ್ಳಲೊಲ್ಲದವನು ತನ್ನ ನಿದ್ರೆಗೆ ಕಲಾಪ್ರೇಮವೆಂದು ಹೆಸರಿಡದಿರಲಿ.